ಟಿಕಳಿಯ ಕೆಳಗಿನ ಬಿಳುಪು

ಉಗರಗೋಳದಿಂದ ಎಲ್ಲಮ್ಮನ ಗುಡ್ಡಕ್ಕೆ ಏರುವ ದಾರಿಯ ಮಗ್ಗುಲಿಗೆ ಶೆಟ್ಟೆವ್ವನದೊಂದು ಸಣ್ಣ ಅಂಗಡಿ ಇತ್ತು. ನಾಲ್ಕು ಗೂಟ, ಮೇಲೆ ತಗಡು, ಮುಂದೊಂದು ಹಲಗೆ, ಹಿಂದೆ ಮರೆಗೊಂದು ಗೋಣಿಪಟ್ಟಿ. ಹಲಗೆಯ ಮೇಲೆ ಭಂಡಾರದ ಅರಿಸಿನಪುಡಿ, ಕುಂಕುಮ, ಕಾಯಿ, ಕರ್ಪೂರ, ಹಸಿರು ಬಳೆ. ಶೆಟ್ಟೆವ್ವ ನನ್ನ ತಾಯಿಯ ಅಕ್ಕ, ನನಗೆ ದೊಡ್ಡವ್ವ. ನಾನು ಹೇಳುವ ಸಂಗತಿ ಸುರುವಾದದ್ದು ನಾನು ಹುಟ್ಟುವ ಮೊದಲು, ಎಪ್ಪತ್ತೇಳನೇ ಇಸವಿಯಲ್ಲಿ. ಅವಳ ಬಾಯಿಂದಲೇ ಹಲವು ಸಲ ಕೇಳಿದ್ದೇನೆ.

ಅವಳ ಗಂಡ ಪರಸಪ್ಪ ಬಾವಿ ತೋಡುವವನು. ರಾಮದುರ್ಗದ ಕಡೆ ಕಲ್ಲುಭೂಮಿಯಲ್ಲಿ ಬಾವಿ ತೋಡಲು ನಾಲ್ಕೈದು ಮಂದಿ ಜೊತೆಗೂಡಿ ಹೋಗುತ್ತಿದ್ದರು. ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಕೂತು ಇಳಿಯುವವನು ಯಾವಾಗಲೂ ಪರಸಪ್ಪನೇ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ, ಹಗ್ಗ ಅಲುಗಿಸಿ ಮೇಲೆ ಬರಬೇಕು. ಅಂಥ ಕೆಲಸದವನ ಹೆಂಡತಿ ಹಣೆಯ ಕುಂಕುಮವನ್ನು ಹೇಗೆ ಕಾಯುತ್ತಾಳೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅತ್ತೆ ರಾಯವ್ವನಂತೂ ಮುಂಜಾನೆ ಎದ್ದು ಸೊಸೆಯ ಹಣೆ ನೋಡಿಯೇ ಒಲೆ ಹಚ್ಚುವವಳು. ರಾತ್ರಿ ಮಗ್ಗುಲು ಹೊರಳುವಾಗ ಕುಂಕುಮ ಒರೆಸಿ ಹೋಗಿದ್ದರೆ, "ಅಯ್ಯ ಯವ್ವಾ, ಬೋಳು ಹಣಿ ಹೊತ್ಕೊಂಡು ಹೊರಗ ಬರಬ್ಯಾಡ," ಎಂದು ಅಲ್ಲೇ ತಡೆಯುತ್ತಿದ್ದಳು.

ಆ ವರ್ಷ ಶೆಟ್ಟೆವ್ವ ಅಂಗಡಿಯ ಸಾಮಾನು ತರಲು ಬೈಲಹೊಂಗಲಕ್ಕೆ ಹೋದಾಗ ಬಳೆಯ ವ್ಯಾಪಾರಿಯೊಬ್ಬ ಹೊಸದೊಂದನ್ನು ತೋರಿಸಿದ. ರಟ್ಟಿನ ತುಂಡಿನ ಮೇಲೆ ಸಾಲಾಗಿ ಅಂಟಿಸಿದ, ಹಣೆಗೆ ಹಚ್ಚುವ ಕೆಂಪು ಟಿಕಳಿ. ಪ್ಲಾಸ್ಟಿಕಿನವು, ಹಿಂದೆ ಅಂಟು.

"ಮೇಣ ಬ್ಯಾಡ, ಕುಂಕುಮ ಬ್ಯಾಡ. ಒಮ್ಮಿ ಒತ್ತಿಬಿಟ್ರ ಮುಗೀತು, ಯಕ್ಕಾ. ಜಳಕ ಮಾಡಿದ್ರೂ ಹೋಗೂದಿಲ್ಲ, ಬೆವರಿದ್ರೂ ಹೋಗೂದಿಲ್ಲ," ಎಂದ.

ಜಳಕ ಮಾಡಿದರೂ ಹೋಗದ ಕುಂಕುಮ! ಶೆಟ್ಟೆವ್ವ ಅಲ್ಲೇ ನಿಂತು ಒಂದನ್ನು ಹಣೆಗೆ ಒತ್ತಿಕೊಂಡಳು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳಂತೆ. ಅಲುಗಿರಲಿಲ್ಲ.

ವಾರ ಕಳೆಯುವುದರೊಳಗೆ ಓಣಿಯ ಹೆಂಗಸರೆಲ್ಲರ ಹಣೆಯ ಮೇಲೂ ಅದೇ ಟಿಕಳಿ. ಪಕ್ಕದ ಮನೆಯ ಲಗಮವ್ವ, ಎದುರು ಮನೆಯ ಕೃಷ್ಣವ್ವ ಮೊದಲ ದಿನವೇ ಬಂದು ತಗೊಂಡರು. ಗುಡ್ಡಕ್ಕೆ ಬಂದ ದೂರದೂರಿನ ಹೆಂಗಸರೂ ತಗೊಂಡರು. ಕೇಳಿದವರಿಗೆ ಶೆಟ್ಟೆವ್ವ ಒಂದು ಟಿಕಳಿ ಕಿತ್ತು ತನ್ನ ಎಡಗೈ ಹಿಂಬದಿಗೆ ಅಂಟಿಸಿ, ಕೈ ಹೊಳ್ಳಿಸಿ ಹೊರಳಿಸಿ ತೋರಿಸುತ್ತಿದ್ದಳು. ದಿನವೆಲ್ಲ ಅದು ಅಲ್ಲೇ ಇರುತ್ತಿತ್ತು. ಒಮ್ಮೆ ಹಚ್ಚಿದ ಟಿಕಳಿಯನ್ನು ಯಾರೂ ತೆಗೆಯುತ್ತಿರಲಿಲ್ಲ. ಅದರಲ್ಲೇ ಜಳಕ, ಅದರಲ್ಲೇ ನಿದ್ದೆ. ತಾನಾಗಿ ಉದುರಿದಾಗ ಹಣೆಯ ಮೇಲೆ ಉಳಿದ ಅಂಟನ್ನು ಚಿಮಣಿಯ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ತಿಕ್ಕಿ, ಕೂಡಲೇ ಇನ್ನೊಂದು ಒತ್ತಿಕೊಳ್ಳುವರು. ಸ್ವಲ್ಪ ತುರಿಸಿದರೂ ಮೇಲಿಂದ ಮೇಲೆ ಬೆರಳಾಡಿಸಿ ಸುಮ್ಮನಾಗುವರು.

ಗುಡ್ಡದ ಮೇಲೆ ಹೊಸ್ತಿಲ ಹುಣ್ಣಿಮೆ ಬಂತು. ಆ ಹುಣ್ಣಿಮೆಗೆ ಎಲ್ಲಮ್ಮ ತಾಯಿಗೆ ವಿಧವೆತನ. ಅಂದು ಬಳೆ ಒಡೆಯುತ್ತಾರೆ. ಭರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆಯಾಗುವತನಕ ನಡುವಿನ ದಿನಗಳಲ್ಲಿ ನಮ್ಮ ಕಡೆಯ ಹೆಂಗಸರು ತುಸು ಅಂಜಿಕೊಂಡೇ ಇರುತ್ತಾರೆ. ಹುಣ್ಣಿಮೆ ಮುಗಿದ ಮೂರು ನಾಲ್ಕು ದಿನಕ್ಕೆ ಶೆಟ್ಟೆವ್ವ ಬಚ್ಚಲಲ್ಲಿ ನೀರು ಹಾಕಿಕೊಳ್ಳುವಾಗ ಟಿಕಳಿ ಉದುರಿ ಕಾಲಬುಡಕ್ಕೆ ಬಿತ್ತು. ಗೂಡಿನಲ್ಲಿಟ್ಟಿದ್ದ ಒಡಕು ಕನ್ನಡಿ ತಗೊಂಡು ನೋಡಿದಳು.

ಹುಬ್ಬಿನ ನಡುವೆ ಬಿಳಿಯದೊಂದು ದುಂಡು. ಅಂಚು ಚೊಕ್ಕಾಗಿ ಕತ್ತರಿಸಿ ಇಟ್ಟಹಾಗಿತ್ತು.

ಸುಣ್ಣ ಹತ್ತಿರಬೇಕೆಂದು ಒರೆಸಿದಳು. ಹೋಗಲಿಲ್ಲ. ಅರಿವೆ ಒಗೆಯುವ ಸಾಬಾಣ ಹಚ್ಚಿ ತಿಕ್ಕಿದಳು. ಹಿಮ್ಮಡಿ ತಿಕ್ಕುವ ಕಲ್ಲಿನಿಂದ ತಿಕ್ಕಿದಳು. ಸುತ್ತಲಿನ ತೊಗಲು ಕೆಂಪಾಯಿತು, ನಡುವಿನದು ಮತ್ತಷ್ಟು ಬೆಳ್ಳಗೆ ಎದ್ದು ಕಂಡಿತು. ಸದ್ದು ಕೇಳಿ ಒಳಗೆ ಬಂದ ರಾಯವ್ವ ಸೊಸೆಯ ಮುಖ ನೋಡಿ ಗೋಡೆಗೆ ಒರಗಿದಳು. ಆಮೇಲೆ ಮುಂದೆ ಬಂದು ಅಂಗೈಯಿಂದ ಆ ಹಣೆಯನ್ನು ಮುಚ್ಚಿದಳು.

"ಯಾರ ಮುಂದೂ ಬಾಯಿ ಬಿಡಬ್ಯಾಡ. ಹಚ್ಚು, ಮೊದಲ ಹಚ್ಚು," ಎಂದಳು.

ಶೆಟ್ಟೆವ್ವ ಹೊಸ ಟಿಕಳಿ ಒತ್ತಿಕೊಂಡಳು. ಬಿಳುಪು ಮುಚ್ಚಿಹೋಯಿತು. ಕನ್ನಡಿಯಲ್ಲಿ ಎಂದಿನ ಮುಖ.

ಅಂದು ಮಧ್ಯಾಹ್ನ ಲಗಮವ್ವ ಅಂಗಡಿಗೆ ಬಂದಳು. ಏನನ್ನೂ ಕೇಳದೆ ಹಲಗೆಯ ಮೇಲಿನ ಬಳೆಗಳನ್ನು ಸುಮ್ಮನೆ ಅತ್ತಿತ್ತ ಸರಿಸುತ್ತ ನಿಂತಳು. ಆಮೇಲೆ, "ದೊಡ್ಡವು ಅದಾವೇನ ಯಕ್ಕಾ, ಟಿಕಳಿ?" ಎಂದಳು.

"ದೊಡ್ಡವು ಯಾಕ?"

ಲಗಮವ್ವ ಹಣೆಯ ಮೇಲೆ ಸೆರಗು ಎಳೆದುಕೊಂಡಳು. ಶೆಟ್ಟೆವ್ವ ಅವಳನ್ನು ಗೋಣಿಪಟ್ಟಿಯ ಮರೆಗೆ ಕರೆದೊಯ್ದು ತನ್ನ ಟಿಕಳಿ ಎಬ್ಬಿಸಿ ತೋರಿಸಿದಳು. ಲಗಮವ್ವ ಬಾಯಿಗೆ ಸೆರಗು ಒತ್ತಿಕೊಂಡು ತನ್ನದನ್ನೂ ಎಬ್ಬಿಸಿದಳು. ಇಬ್ಬರೂ ಒಬ್ಬರ ಹಣೆ ಒಬ್ಬರು ನೋಡುತ್ತ ನಿಂತರು. ಹೊರಗೆ ಯಾರೋ ಭಂಡಾರ ಕೊಡು ಎಂದು ಕೂಗುತ್ತಿದ್ದರು.

"ಗುಡ್ಡದ ಅವ್ವ ನಮ್ಮ ಕುಂಕುಮ ಅಳಸಾಕತ್ತಾಳ," ಎಂದಳು ಲಗಮವ್ವ, ಪಿಸುಮಾತಿನಲ್ಲಿ.

ಲಗಮವ್ವನ ಗಂಡ ಕಾಡಪ್ಪ ಸುಗ್ಗಿಯ ದಿನಗಳಲ್ಲಿ ಹೊಲದಿಂದ ಜೋಳದ ಕಣಕಿ ಹೇರಿಕೊಂಡು ಬರುವಾಗ ಹಳ್ಳದ ಇಳಿಜಾರಿನಲ್ಲಿ ಬಂಡಿ ಹೊಳ್ಳಿ ಮಗುಚಿತು. ಕಣಕಿಯ ಅಡಿಯಿಂದ ಅವನನ್ನು ಹೊರಗೆಳೆದಾಗ ಜೀವ ಇರಲಿಲ್ಲ. ಮೈಮೇಲೆ ಒಂದು ಗಾಯವೂ ಇರಲಿಲ್ಲವಂತೆ.

ಮಣ್ಣು ಕೊಟ್ಟ ದಿನ ಹಿರಿಯ ಹೆಂಗಸರು ಲಗಮವ್ವನನ್ನು ಅಂಗಳದಲ್ಲಿ ಕೂರಿಸಿ ಬಳೆ ಒಡೆದರು. ಒಬ್ಬಾಕೆ ಅವಳ ಹಣೆ ಒರೆಸಲು ಕೈ ಚಾಚಿ, ಟಿಕಳಿಯನ್ನು ಉಗುರಿನಿಂದ ಕಿತ್ತಳು. ಕಿತ್ತವಳು ಹಾಗೇ ಹಿಂದೆ ಸರಿದಳು. ಅಂಗಳ ತುಂಬ ಅಳುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಎಳೆಬಿಸಿಲಿನಲ್ಲಿ ಆ ಬಿಳಿ ದುಂಡು ಎಲ್ಲರಿಗೂ ಕಾಣಿಸುತ್ತಿತ್ತು.

"ನಾವೇನ ಒರಸೂದು? ಅವ್ವ ಮೊದಲ ಒರಿಸ್ಯಾಳ," ಎಂದಿತು ಹಿಂದಿನಿಂದ ಒಂದು ಮುದಿ ದನಿ.

ಶೆಟ್ಟೆವ್ವ ಸೆರಗನ್ನು ಹುಬ್ಬಿನತನಕ ಎಳೆದುಕೊಂಡಳು. ಹಾಗೆ ಎಳೆದುಕೊಂಡವಳು ತಾನೊಬ್ಬಳೇ ಅಲ್ಲವೆಂಬುದು ಸುತ್ತ ನೋಡಿದಾಗ ತಿಳಿಯಿತು. ಕೃಷ್ಣವ್ವನ ಕೈಯೂ ಸೆರಗಿನ ಮೇಲಿತ್ತು.

ಅಂದಿನಿಂದ ಓಣಿಯ ಗುಣವೇ ಬದಲಾಯಿತು. ಮುಂಜಾನೆ ನಳದ ಹತ್ತಿರ ಹೆಂಗಸರು ಮಾತಾಡುವುದು ಕಡಿಮೆಯಾಯಿತು. ಒಬ್ಬರ ಮುಖ ಒಬ್ಬರು ನೋಡುವಾಗ ಕಣ್ಣು ಮೊದಲು ಹಣೆಗೆ ಹೋಗುತ್ತಿತ್ತು, ಅಲ್ಲಿಂದ ಕೂಡಲೇ ಕೆಳಗಿಳಿಯುತ್ತಿತ್ತು. ಒಬ್ಬೊಬ್ಬರೇ ಅಂಗಡಿಗೆ ಬಂದು ದೊಡ್ಡ ಟಿಕಳಿ ಕೇಳುತ್ತಿದ್ದರು. ಕೇಳಿದವರಿಗೆಲ್ಲ ಶೆಟ್ಟೆವ್ವ ಬೈಲಹೊಂಗಲದಿಂದ ದೊಡ್ಡವನ್ನು ತಂದುಕೊಟ್ಟಳು. ಕೆಲವು ವಾರಗಳಲ್ಲಿ ಬಿಳುಪು ಆ ದೊಡ್ಡ ಟಿಕಳಿಯ ಅಂಚಿಗೂ ಬಂದು, ಕೆಂಪಿನ ಸುತ್ತ ತೆಳ್ಳಗೆ ಬಳೆಯ ಹಾಗೆ ಕಾಣಿಸಿಕೊಳ್ಳುತ್ತಿತ್ತು. ಆಗ ಇನ್ನೂ ದೊಡ್ಡದು.

ಮದ್ದು ಹೇಳುವವರಿಗೇನು ಕೊರತೆ? ಲಿಂಬಿಹಣ್ಣಿಗೆ ಉಪ್ಪು ಹಚ್ಚಿ ತಿಕ್ಕು ಎಂದರು ಒಬ್ಬರು. ಬಾವಂಚಿ ಬೀಜದ ಎಣ್ಣೆ ಬಳಿದು ನಡುಹಗಲ ಬಿಸಿಲಿಗೆ ಮುಖ ಒಡ್ಡು ಎಂದರು ಇನ್ನೊಬ್ಬರು. ಶೆಟ್ಟೆವ್ವ ಎರಡನ್ನೂ ಮಾಡಿದಳು. ಬಿಳಿ ಜಾಗದಲ್ಲಿ ನೀರುಗುಳ್ಳೆ ಎದ್ದು, ಒಡೆದು, ಹಸಿ ಹಸಿ ಉರಿಯಿತು. ಅದರ ಮೇಲೂ ಟಿಕಳಿ ಒತ್ತಿದಳು. ಹಾಲು ಬಿಟ್ಟಳು, ಬದನಿಕಾಯಿ ಬಿಟ್ಟಳು, ಮೀನು ಮೊದಲೇ ಮುಟ್ಟುತ್ತಿರಲಿಲ್ಲ. ಕೃಷ್ಣವ್ವನ ಮನೆಯಲ್ಲಿ ಇದು ತೊನ್ನು, ಮುಟ್ಟಿದರೆ ಹತ್ತುತ್ತದೆ ಎಂದು ಅವಳ ಊಟದ ಗಂಗಾಳ, ನೀರಿನ ತಂಬಿಗೆ ಬೇರೆ ಇಟ್ಟರು. ಕೂಸನ್ನು ಅವಳ ಮಗ್ಗುಲಿನಿಂದ ಎತ್ತಿಕೊಂಡು ಹೋಗಿ ಅಜ್ಜಿಯ ಹತ್ತಿರ ಮಲಗಿಸಿದರು.

ಭರತ ಹುಣ್ಣಿಮೆಗೆ ತಾಯಿ ಮತ್ತೆ ಮುತ್ತೈದೆಯಾದಳು. ಓಣಿಯ ಹೆಂಗಸರು ಗುಡ್ಡ ಏರಿ, ಹಸಿರು ಬಳೆ ಇಟ್ಟುಕೊಂಡು, ಭಂಡಾರ ಹಚ್ಚಿಸಿಕೊಂಡು ಬಂದರು. ಮರುದಿನ ಮುಂಜಾನೆ ಶೆಟ್ಟೆವ್ವ ಬಚ್ಚಲಿನಲ್ಲಿ ಉಸಿರು ಬಿಗಿಹಿಡಿದು ಟಿಕಳಿ ಎಬ್ಬಿಸಿದಳು. ಬಿಳುಪು ಹಾಗೇ ಇತ್ತು.

ಪರಸಪ್ಪನಿಗೆ ಇದನ್ನು ಹೇಳಿದವಳು ಅವನ ತಾಯಿ. ಅವನು ಮೊದಲು ನಕ್ಕ. "ಬಂಡಿಯವನ ಹಣೀಬರಾ ಬ್ಯಾರೆ, ನಂದು ಬ್ಯಾರೆ ಬೇ," ಎಂದು ಹೆಗಲಿಗೆ ಹಗ್ಗ ಹಾಕಿಕೊಂಡು ರಾಮದುರ್ಗದ ಕಡೆ ಹೋದ. ಅಲ್ಲಿ ದುರ್ಗಪ್ಪ ಎಂಬ ರೈತನ ಹೊಲದಲ್ಲಿ ಬಾವಿಯ ಕೆಲಸ ನಡೆದಿತ್ತು. ಆಳ ಬಹಳ ಹೋಗಿತ್ತು. ಒಂದು ದಿನ ಮಧ್ಯಾಹ್ನ ತಳದಲ್ಲಿ ಕೂತು ಕೊರೆಯುತ್ತಿದ್ದವನು ಬೆವರು ಒರೆಸಿಕೊಳ್ಳಲು ಮುಖ ಮೇಲೆತ್ತಿದ.

ಸುತ್ತ ಕರಿಗಲ್ಲಿನ ಕತ್ತಲೆ. ಅದರ ನಡುವೆ ಬಾವಿಯ ಬಾಯಿ, ದುಂಡಗೆ, ಬೆಳ್ಳಗೆ.

ದಿನಾ ನೋಡುವುದೇ. ಆದರೆ ಅಂದು ಅವನಿಗೆ ಅದು ಹೆಂಡತಿಯ ಹಣೆಯಾಗಿ ಕಂಡಿತು. ಅವನು ಆ ಹಣೆಯ ಒಳಗೆ ಕೂತಿದ್ದ. ಕೈಯೊಳಗಿನ ಸುತ್ತಿಗೆ ಜಾರಿತು. ಸದ್ದು ನಿಂತಿತೆಂದು ಮೇಲೆ ಹಗ್ಗ ಹಿಡಿದಿದ್ದ ಜೊತೆಗಾರ ಹನುಮಪ್ಪ ಎಳೆದು ನೋಡಿ, ಮತ್ತೊಬ್ಬನನ್ನು ಇಳಿಸಿ, ಅವನನ್ನು ಬುಟ್ಟಿಯಲ್ಲಿ ಕೂರಿಸಿ ಮೇಲೆತ್ತಿಸಿದ. ಪರಸಪ್ಪ ಮನೆಗೆ ಬಂದವನು ಮತ್ತೆ ಬಾವಿಯ ಹೆಸರು ಎತ್ತಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂರುತ್ತಿದ್ದ. ಹೆಂಡತಿ ಎದುರಿಗೆ ಬಂದರೆ ನೆಲ ನೋಡುತ್ತಿದ್ದ. ಅವಳು ಬಡಿಸುವಾಗಲೂ ಅವಳ ಕೈಯನ್ನಷ್ಟೇ ನೋಡುತ್ತಿದ್ದ.

ಬ್ಯಾಸಗಿ ಬಂತು. ಎಲ್ಲಕ್ಕಿಂತ ದೊಡ್ಡ ಅಂಜಿಕೆ ಬಂದದ್ದು ಆಗ.

ಲಗಮವ್ವ ಮನೆಯಿಂದ ಹೊರಗೆ ಬರತೊಡಗಿದ್ದಳು. ಒಂದು ದಿನ ಹಳ್ಳದಲ್ಲಿ ಅರಿವೆ ಒಗೆಯುವಾಗ ಅವಳ ಸೆರಗು ಜಾರಿತು. ಪಕ್ಕದ ಕಲ್ಲಿನ ಮೇಲಿದ್ದ ಹೆಂಗಸು ನೋಡಿ, ಒಗೆಯುವುದನ್ನು ನಿಲ್ಲಿಸಿ ಇನ್ನೊಬ್ಬಳನ್ನು ತಿವಿದಳು. ಲಗಮವ್ವನ ಬೋಳು ಹಣೆಯಲ್ಲಿ ಬಿಳುಪು ಅರ್ಧಕ್ಕರ್ಧ ಹೋಗಿತ್ತು. ಅದರೊಳಗೆ ಸಾಸಿವೆಯಷ್ಟಷ್ಟು ಕಂದು ಚುಕ್ಕೆ ಎದ್ದು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು.

ಸಂಜೆಯೊಳಗೆ ಸುದ್ದಿ ಓಣಿ ತುಂಬಿತು. ತಾಯಿ ತನಗೆ ಬೇಕಾದ್ದನ್ನು, ಗಂಡನ ಜೀವವನ್ನು ತಗೊಂಡಳು, ತೊಗಲಿನ ಬಣ್ಣ ತಿರುಗಿ ಕೊಟ್ಟಳು.

ಇದು ಕಿವಿಗೆ ಬಿದ್ದಂದಿನಿಂದ ಶೆಟ್ಟೆವ್ವನ ಪೂಜೆ ತಿರುವುಮುರುವಾಯಿತು. ಇಷ್ಟು ದಿನ ಬಿಳುಪು ಹೋಗಲೆಂದು ಬೇಡಿದವಳು ಈಗ, ಹೋಗದಿರಲಿ ತಾಯಿ ಎಂದು ಬೇಡತೊಡಗಿದಳು. ಮುಂಜಾನೆ ಕನ್ನಡಿಯಲ್ಲಿ ಹಣೆ ಬೆಳ್ಳಗೇ ಕಂಡರೆ ಒಳಗೆ ಹೋಗಿ, ಗಂಡ ಉಸಿರಾಡುತ್ತಾನೋ ಇಲ್ಲವೋ ನೋಡಿ, ಸಮಾಧಾನದಿಂದ ಕಸ ಹೊಡೆಯುವಳು. ಒಂದು ದಿನ ಬಿಳುಪಿನ ಅಂಚಿಗೆ ಸಣ್ಣ ಕಂದು ಚುಕ್ಕೆ ಕಂಡಂತಾಗಿ ಬಚ್ಚಲಿನಲ್ಲೇ ಕೂತುಬಿಟ್ಟಳು. ಒದ್ದೆ ಬೆರಳಿನಿಂದ ಒರೆಸಿದಾಗ ಅದು ಹೋಯಿತು. ಬರೀ ಮಣ್ಣು. ಅವಳು ಅಲ್ಲೇ ಕೂತು ನಕ್ಕಳಂತೆ. ತನ್ನ ನಗು ಕೇಳಿ ತನಗೇ ಮೈ ಜುಮ್ಮೆಂದಿತು ಎಂದು ಹೇಳುತ್ತಿದ್ದಳು.

ಓಣಿಯ ಬೇರೆ ಬಾಗಿಲುಗಳ ಹಿಂದೆಯೂ ಇದೇ ನಡೆದಿತ್ತೆಂದು ಆಮೇಲೆ ಗೊತ್ತಾಯಿತು.

ಅಂಥದ್ದೊಂದು ದಿನ ಅಂಗಡಿಗೆ ಬಂದ ಹೆಂಗಸೊಬ್ಬಳು ಟಿಕಳಿ ತೋರಿಸು ಎಂದಳು. ಶೆಟ್ಟೆವ್ವ ರೂಢಿಯಂತೆ ಎಡಗೈ ಚಾಚಿ, ಅಲ್ಲಿದ್ದ ಹಳೆಯ ಟಿಕಳಿ ಕಿತ್ತು ಹೊಸದನ್ನು ಅಂಟಿಸಹೋದಳು. ಕೈ ಹಾಗೇ ನಿಂತಿತು. ಕೈಯ ಹಿಂಬದಿಯಲ್ಲಿ, ಟಿಕಳಿ ಇದ್ದ ಜಾಗದಲ್ಲಿ, ಬಿಳಿ ದುಂಡು.

ಮೊದಲು, ಇದು ಮೈಯೆಲ್ಲ ಹಬ್ಬುತ್ತದೆ ಎಂದುಕೊಂಡಳು. ಆಮೇಲೆ ಬಹಳ ಹೊತ್ತು ಕೈ ನೋಡುತ್ತ ಕೂತಳು. ಬಂದ ಹೆಂಗಸು ಕಾದು ಕಾದು ಹೋಗಿಬಿಟ್ಟಳು. ತಾಯಿ ಮುತ್ತೈದೆತನ ಅಳಿಸುವುದಾದರೆ ಹಣೆಯದು ಅಳಿಸಲಿ. ಕೈ ಹಿಂದೆ ಯಾವ ಕುಂಕುಮ ಇತ್ತು?

ಅಂಗಡಿಗೆ ಗೋಣಿತಟ್ಟು ಎಳೆದು ಮುಚ್ಚಿ ನೇರ ಲಗಮವ್ವನ ಮನೆಗೆ ಹೋದಳು. ಕಾಡಪ್ಪ ತೀರಿದ ಮೇಲೆ ಆ ಹೊಸ್ತಿಲು ದಾಟಿರಲಿಲ್ಲ. ಲಗಮವ್ವ ಹಿತ್ತಲಲ್ಲಿ ಕಾಳು ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

"ಲಗಮವ್ವಾ, ನೀ ಹಣಿಗೆ ಏನ ಹಚ್ಚಿದಿ?"

"ನಾ ಏನ ಹಚ್ಚಲೆಬೇ? ಹಚ್ಚೂದೆಲ್ಲಾ ಮುಗದ ಹೋತಲ್ಲ."

"ಎಣ್ಣಿ? ಲಿಂಬಿಹಣ್ಣು?"

"ಯಾರಿಗೆ ಚಂದ ಕಾಣಾಕ? ನೀರ ಹಾಕಿ ತೊಳ್ಕೋತೇನಿ, ಅಷ್ಟ."

ಶೆಟ್ಟೆವ್ವ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಡಗೈ ಚಾಚಿದಳು. ಲಗಮವ್ವ ಆ ಬಿಳಿ ದುಂಡನ್ನು ನೋಡಿದಳು. ಬೆರಳಿನಿಂದ ಮುಟ್ಟಿದಳು. ಆಮೇಲೆ ಮೊರ ಬದಿಗಿಟ್ಟು ತನ್ನ ಹಣೆಯನ್ನು ಮುಟ್ಟಿಕೊಂಡಳು.

"ಟಿಕಳಿ ಹಚ್ಚದಾಕಿ ನಾ ಒಬ್ಬಾಕಿನ," ಎಂದಳು ನಿಧಾನಕ್ಕೆ.

"ಹೌದು."

"ಹಂಗಾದ್ರ ನಮ್ಮನಿಯವರನ್ನ ಯಾರ ತಗೊಂಡ್ರಬೇ?"

ಇಬ್ಬರೂ ಕೂತು ಅತ್ತರು.

ಮರುವಾರ ಇಬ್ಬರೂ ಸವದತ್ತಿಯಲ್ಲಿ ಬಸ್ಸು ಹಿಡಿದು, ಬೈಲಹೊಂಗಲದ ಮೇಲೆ ಹಾಯ್ದು ಬೆಳಗಾವಿಗೆ ಹೋದರು. ಅಲ್ಲಿ ತೊಗಲಿನ ರೋಗ ನೋಡುವ ಡಾಕ್ಟರರಿದ್ದಾರೆಂದು ಶೆಟ್ಟೆವ್ವ ಅಂಗಡಿಗೆ ಬಂದ ಯಾರಿಂದಲೋ ಕೇಳಿದ್ದಳು. ಡಾಕ್ಟರರು ವಯಸ್ಸಾದವರು, ಧಾರವಾಡದ ಕಡೆಯವರು. ಶೆಟ್ಟೆವ್ವನ ಹಣೆ, ಕೈ ನೋಡಿ, ಲಗಮವ್ವನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ನೋಡಿದರು. ಏನೇನು ಹಚ್ಚಿದರು, ಏನೇನು ತಿನ್ನುವುದು ಬಿಟ್ಟರು ಎಂದು ಕೇಳಿ ತಿಳಿದುಕೊಂಡರು. ಟಿಕಳಿ ಇದೆಯೇ ಎಂದು ಕೇಳಿ ಪಡೆದು, ಒಂದನ್ನು ಕಿತ್ತು ಹಿಂಬದಿಯ ಅಂಟನ್ನು ಮೂಸಿದರು.

"ಇದು ದೇವರ ಮಾಡಿದ್ದೂ ಅಲ್ಲ, ಹಾಲು ಬದನಿಕಾಯಿ ಮಾಡಿದ್ದೂ ಅಲ್ಲ," ಎಂದರು. "ಇದರ ಅಂಟಿನೊಳಗ ಯಾವುದೋ ರಸಾಯನ ಇರತದ. ಕೆಲವರ ತೊಗಲಿಗೆ ಅದು ಒಗ್ಗಂಗಿಲ್ಲ, ಬಣ್ಣಾನ ಕೊಲ್ಲತದ. ಎಲ್ಲಾರಿಗೂ ಹಂಗಾಗಂಗಿಲ್ಲ. ರಬ್ಬರ ಚಪ್ಪಲಿ ಹಾಕ್ಕೊಂಡವರ ಕಾಲಮ್ಯಾಲೆ ಪಟ್ಟಿ ಹೆಂಗ ಐತ್ಯೋ ಹಂಗ ಬಿಳಿ ಆಗಿದ್ದನ್ನ ನಾ ನೋಡೇನಿ. ನೀವು ತುರಿಸಿದ ಕೂಡಲೇ ತಗೀಬೇಕಿತ್ತು."

"ತಗದ್ರ ಹಣಿ ಬೋಳಾಕ್ಕೈತ್ರಿ," ಎಂದಳು ಶೆಟ್ಟೆವ್ವ.

ಡಾಕ್ಟರರು ಟಿಕಳಿಯನ್ನು ಮೇಜಿನ ಮೇಲಿಟ್ಟರು. "ಇನ್ನ ಏನೂ ಹಚ್ಚಬ್ಯಾಡ್ರಿ. ಚಿಮಣಿ ಎಣ್ಣಿ, ಅರಿವಿ ಸಾಬಾಣ, ಕಲ್ಲು, ಲಿಂಬಿಹಣ್ಣು ಯಾವುದೂ ಬ್ಯಾಡ. ಬಾವಂಚಿ ಔಷಧ ಖರೆ, ಆದ್ರ ಅಳತಿ ಇಲ್ಲದ ಹಚ್ಕೊಂಡ್ರ ಸುಡತದ, ಸುಟ್ಟಾದ. ತಿಳಿನೀರಿಲೆ ತೊಳೀರಿ, ಸುಡು ಬಿಸಲಾಗ ಸೆರಗ ಹೊತ್ಕೋರಿ. ಈಕಿಗೆ ಬಣ್ಣ ಬರಾಕತ್ತದ, ನಿಮಗೂ ಬರಬಹುದು. ಬರ್ತದಂತ ಮಾತ್ರ ನಾ ಮಾತ ಕೊಡಂಗಿಲ್ಲ."

"ಮುಟ್ಟಿದ್ರ ಹತ್ತತೈತೇನ್ರಿ?" ಕೃಷ್ಣವ್ವನ ಕೂಸು ಶೆಟ್ಟೆವ್ವನ ಕಣ್ಣ ಮುಂದಿತ್ತು.

"ಒಟ್ಟ ಹತ್ತಂಗಿಲ್ಲ."

"ಕುಂಕುಮಾನೂ ಬ್ಯಾಡೇನ್ರಿ?"

"ಬಣ್ಣ ಬರೂತನಕ ಅದೂ ಬ್ಯಾಡ."

ಹೊರಡುವಾಗ ಲಗಮವ್ವ ಬಾಗಿಲಲ್ಲಿ ನಿಂತು ಕಾಡಪ್ಪನ ಮಾತು ಕೇಳಿದಳು. ಡಾಕ್ಟರರು ಕನ್ನಡಕ ತೆಗೆದರು. "ಬಂಡಿ ಯಾಕ ಹೊಳ್ಳಿತು ಅಂತ ನಾ ಹೆಂಗ ಹೇಳಲಿ ಅವ್ವಾ," ಎಂದರು.

ಶೆಟ್ಟೆವ್ವ ದವಾಖಾನೆಯ ನಳದಲ್ಲಿ ಮುಖ ತೊಳೆದು, ಟಿಕಳಿ ಕಿತ್ತು ಎಸೆದು, ಹಾಗೇ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಅವರಿಬ್ಬರನ್ನೂ ವಿಧವೆಯರೆಂದು ತಿಳಿದು ಒಬ್ಬ ಮುದುಕಿ ಮರುಗಿದಳು. ಗಂಡ ಯಾವಾಗ ಹೋದ ಎಂದು ಕೇಳಿದಳು. ಶೆಟ್ಟೆವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ಉಗರಗೋಳ ಹತ್ತಿರ ಬಂದಂತೆ ಮನೆ ಮುಂದೆ ಮಂದಿ ನೆರೆದಿರಬಹುದು ಎಂದು ಅವಳಿಗೆ ಅನಿಸತೊಡಗಿತು. ಓಣಿಯ ತಿರುವಿಗೆ ಬಂದಾಗ ಕಣ್ಣು ಮುಚ್ಚಿಕೊಂಡು ನಡೆದಳಂತೆ.

ಮಂದಿ ಇರಲಿಲ್ಲ. ಪರಸಪ್ಪ ಕಂಬಕ್ಕೆ ಒರಗಿ ಕೂತಿದ್ದ.

ರಾಯವ್ವ ಸೊಸೆಯನ್ನು ನೋಡಿದವಳೇ ಚೀರಿದಳು. "ನನ್ನ ಮಗ ಕಣ್ಣಮುಂದ ಕುಂತಾನ! ಅವನ ಎದುರಿಗೇ ಬೋಳು ಹಣಿ ಹೊತ್ಕೊಂಡು ಬಂದೀ ಏನಬೇ?" ಕುಂಕುಮದ ಭರಣಿ ಹಿಡಿದು ಓಡಿ ಬಂದಳು. ಶೆಟ್ಟೆವ್ವ ಅತ್ತೆಯ ಕೈ ಹಿಡಿದುಕೊಂಡು ಡಾಕ್ಟರರು ಹೇಳಿದ್ದನ್ನೆಲ್ಲ ಹೇಳಿದಳು. ಕೈಯ ಹಿಂಬದಿ ತೋರಿಸಿದಳು. ರಾಯವ್ವ ಕೇಳುವ ಸ್ಥಿತಿಯಲ್ಲಿರಲಿಲ್ಲ, ನೆಲಕ್ಕೆ ಕುಸಿದು ಎದೆ ಬಡಿದುಕೊಂಡಳು.

ಪರಸಪ್ಪ ಎದ್ದು ಬಂದ. ಎಷ್ಟೋ ತಿಂಗಳ ಮೇಲೆ ಹೆಂಡತಿಯ ಹಣೆಯನ್ನು ನೇರ ನೋಡಿದ. ಆ ಬಿಳುಪನ್ನು ಬೆರಳಿನಿಂದ ಮುಟ್ಟಿದ. ನೋವಾಯಿತೇನೋ, ಅವಳು ಮುಖ ಕಿವುಚಿದಳು.

"ನಾಳೆ ಬಾವಿಗೆ ಇಳೀತೇನಿ," ಎಂದ. "ನೀನೂ ಬಾ. ದಂಡಿಮ್ಯಾಲೆ ನಿಂದ್ರು. ಹಿಂಗ ಬಾ, ಹೆಂಗದಿ ಹಂಗ."

ಅವನಿಗೆ ಧೈರ್ಯ ಬಂದಿತ್ತೆಂದಲ್ಲ. ಹೀಗೆ ಕೂತು ಕಾಯುವುದು ಅವನಿಗೆ ಸಾಕಾಗಿತ್ತು.

ದುರ್ಗಪ್ಪನ ಹೊಲದಲ್ಲಿ ಹಗ್ಗದವರು ಶೆಟ್ಟೆವ್ವನನ್ನು ನೋಡಿ ಬುಟ್ಟಿ ಕೆಳಗಿಟ್ಟರು. "ಪರಸಪ್ಪಣ್ಣಾ, ಹಿಂಗ ನಿಂತಾಕಿ ಮುಂದ ನಿನ್ನ ಇಳಸಾಕ ನನ್ನ ಕೈ ಬರೂದಿಲ್ಲೋ," ಎಂದ ಹನುಮಪ್ಪ. ದುರ್ಗಪ್ಪನೂ, "ತಂಗಿ, ಅತ್ತಾಗ ಗಿಡದ ಬುಡಕ ಕುಂದ್ರವಾ," ಎಂದು ಮೆತ್ತಗೆ ಹೇಳಿ ನೋಡಿದ. ಪರಸಪ್ಪ ಯಾರಿಗೂ ಮಾತಾಡದೆ ಬುಟ್ಟಿಯಲ್ಲಿ ಕೂತ. ಹನುಮಪ್ಪ ಮುಖ ಆಚೆ ತಿರುಗಿಸಿಕೊಂಡೇ ಹಗ್ಗ ಬಿಟ್ಟ.

ಬುಟ್ಟಿ ಕತ್ತಲೆಯೊಳಗೆ ಇಳಿಯಿತು. ಹಗ್ಗ ಸಡಿಲಾಯಿತು. ತಳ ಮುಟ್ಟಿದ ಮೇಲೆ ಸುತ್ತಿಗೆಯ ಸದ್ದು ಬರಬೇಕು. ಬರಲಿಲ್ಲ.

ಮೇಲೆ ಗಾಳಿಯೂ ಇರಲಿಲ್ಲ. ಹನುಮಪ್ಪ ಹಗ್ಗ ಅಲುಗಿಸಿದ. ಕೆಳಗಿನಿಂದ ಹಗ್ಗ ಅಲುಗಲಿಲ್ಲ. ಎಲ್ಲರ ಕಣ್ಣೂ ಒಂದೊಂದಾಗಿ ಶೆಟ್ಟೆವ್ವನ ಹಣೆಗೆ ಬಂದು ನಿಂತವು. ಆ ನೋಟವನ್ನು ಅವಳು ಹಣೆಯ ಮೇಲೆ ಉರಿ ಎಂಬಂತೆ ಅನುಭವಿಸಿದಳು. ತಾನೇ ಕೈಯಾರೆ ಅಳಿಸಿಕೊಂಡೆ, ತಾನೇ ಕೊಂದೆ ಎಂದುಕೊಂಡಳು. ದಂಡೆಗೆ ಹೊಟ್ಟೆ ಹಚ್ಚಿ ಮಲಗಿ, ತಲೆ ಬಾವಿಯೊಳಗೆ ಚಾಚಿದಳು. ಕೆಳಗೆ ಏನೂ ಕಾಣಿಸುತ್ತಿರಲಿಲ್ಲ.

ಮದುವೆಯಾದಂದಿನಿಂದ ಒಮ್ಮೆಯೂ ಬಾಯಿಗೆ ತರದ ಹೆಸರನ್ನು ಅವಳು ಕೂಗಿದಳು.

"ಪರಸಪ್ಪಾ!"

ಬಾವಿ ಆ ಹೆಸರನ್ನು ಸುತ್ತಲಿನ ಕಲ್ಲಿಗೆ ಬಡಿದು ತಿರುಗಿ ಮೇಲಕ್ಕೆ ಕಳಿಸಿತು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಕೇಳಿ ಹಗ್ಗದವರು ತಲೆ ತಗ್ಗಿಸಿದರು. ಅವಳು ಮತ್ತೆ ಕೂಗಿದಳು.

ಠಣ್ ಎಂದಿತು ಕೆಳಗೆ. ಸ್ವಲ್ಪ ತಡೆದು ಮತ್ತೆ ಠಣ್. ಆಮೇಲೆ ಕೆಲಸದ ಲಯ ಹಿಡಿದು ಸದ್ದು ಒಂದರ ಹಿಂದೊಂದು ಬರತೊಡಗಿತು. ಹನುಮಪ್ಪ ನೆಲದ ಮೇಲೆ ಕೂತು ಬೀಡಿ ಹಚ್ಚಿಕೊಳ್ಳಲು ನೋಡಿದ, ಕಡ್ಡಿ ಗೀರಲಾಗಲಿಲ್ಲ.

ಕೆಳಗೆ ಏನಾಯಿತೆಂದು ಪರಸಪ್ಪ ಆಮೇಲೆ ಹೇಳಿದ. ಇಳಿದ ಕೂಡಲೇ ಮೇಲೆ ನೋಡಿದನಂತೆ. ಅದೇ ಬಿಳಿ ದುಂಡು. ಕೈಕಾಲು ಮರಗಟ್ಟಿ ಕೂತಿದ್ದನಂತೆ. ಆಮೇಲೆ ಆ ಬಿಳುಪಿನ ಅಂಚಿಗೆ ಕರ್ರಗೆ ಏನೋ ಬಂತು. ನೋಡಿದರೆ ಹೆಂಡತಿಯ ತಲೆ. ಕೂದಲು ಕೆಳಗೆ ಇಳಿಬಿದ್ದಿತ್ತು. "ಆವಾಗ ಅದು ಬರೇ ಬಾವಿಬಾಯಿ ಆತು," ಎಂದ.

ಟಿಕಳಿಯ ರಟ್ಟುಗಳನ್ನೆಲ್ಲ ಶೆಟ್ಟೆವ್ವ ಅಂಗಡಿಯ ಹಿಂದೆ ಸುಟ್ಟಳು. ಕೆಟ್ಟ ವಾಸನೆಯ ಕರಿ ಹೊಗೆ ಓಣಿಯ ಮೇಲೆಲ್ಲ ಹೋಯಿತು. ಆಮೇಲೆ ಮನೆ ಮನೆಗೆ ಹೋಗಿ ಹೇಳಿದಳು. ಜೊತೆಗೆ ಲಗಮವ್ವ ಇದ್ದಳು. ಕೆಲವರು ಬಾಗಿಲು ತೆಗೆಯಲಿಲ್ಲ. ಕೆಲವರು ಅಲ್ಲೇ ಕಿತ್ತು ಒಲೆಗೆ ಹಾಕಿದರು. ಕೃಷ್ಣವ್ವನ ಅತ್ತೆಯ ಎದುರಿಗೆ ಶೆಟ್ಟೆವ್ವ ಕೃಷ್ಣವ್ವನ ತಂಬಿಗೆಯಿಂದಲೇ ನೀರು ಕುಡಿದು ತೋರಿಸಿದಳು. ಕೂಸು ತಾಯಿಯ ಮಗ್ಗುಲಿಗೆ ಬಂತು, ಆದರೆ ಕೃಷ್ಣವ್ವ ಟಿಕಳಿ ಬಿಡಲಿಲ್ಲ. "ನಿನ್ನ ಗಂಡ ಬಾವಿಯಿಂದ ಎದ್ದ ಬಂದ. ನನ್ನ ಗಂಡಂದು ಯಾರ ಬಲ್ರು?" ಎಂದಳು. ಅವಳ ಹಣೆಯಲ್ಲಿ ಆ ಬಿಳುಪು ಕೊನೆಯತನಕ ಉಳಿಯಿತು. ಅವಳ ಗಂಡ ಚೆನ್ನಾಗಿ ಬಾಳಿ, ಮುಪ್ಪಿನಲ್ಲಿ, ಅವಳು ತೀರಿದ ಮೇಲೆ ತೀರಿದ.

ಶೆಟ್ಟೆವ್ವನ ಹಣೆಗೆ ಮಳೆಗಾಲದಲ್ಲಿ ಚುಕ್ಕೆ ಎದ್ದವು. ಮೊದಲ ಚುಕ್ಕೆ ಕಂಡ ದಿನ, ಎಲ್ಲ ತಿಳಿದೂ, ಅವಳು ಪರಸಪ್ಪನನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ವರ್ಷ ಕಳೆಯುವುದರೊಳಗೆ ಬಹಳಷ್ಟು ಬಣ್ಣ ಬಂತು, ಸುಟ್ಟ ಜಾಗದಲ್ಲೊಂದು ತುಣುಕು ಬಿಳಿ ಉಳಿಯಿತು, ಅದಕ್ಕೇ ಕುಂಕುಮವನ್ನೂ ಮತ್ತೆ ಹಚ್ಚಲಿಲ್ಲ. ರಾಯವ್ವ ಸಾಯುವತನಕ ಸೊಸೆಯ ಬೋಳು ಹಣೆ ನೋಡಲು ಒಪ್ಪಲಿಲ್ಲ. ಎದುರಾದಾಗಲೆಲ್ಲ ಮುಖ ತಿರುಗಿಸುವಳು, ಊಟಕ್ಕೆ ಮಾತ್ರ ಮೊದಲು ಅವಳನ್ನೇ ಕರೆಯುವಳು.

ಓಣಿಯವರಿಗೆ ಹೇಳಿದ್ದಾಯಿತು. ಆದರೆ ಗುಡ್ಡಕ್ಕೆ ಬಂದು ಟಿಕಳಿ ಕೊಂಡೊಯ್ದ ದೂರದವರು? ಅವರ ಊರು ಯಾವುದು, ಹೆಸರು ಏನು ಎಂದು ಶೆಟ್ಟೆವ್ವ ಎಂದೂ ಕೇಳಿರಲಿಲ್ಲ. ಯಾವ ಊರಿನ ಬಚ್ಚಲಿನಲ್ಲಿ ಯಾರು ಕನ್ನಡಿ ಹಿಡಿದು ನಿಂತಿದ್ದಾರೋ, ಯಾವ ಅತ್ತೆ ಏನು ಅಂದಳೋ ಎಂಬ ಯೋಚನೆ ಅವಳನ್ನು ಬಿಡಲಿಲ್ಲ. ಗುಡ್ಡ ಇಳಿದು ಬರುವ ಹೆಂಗಸರ ಹಣೆಯನ್ನೆಲ್ಲ ನೋಡುತ್ತ ಕೂರುವಳು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ, ಸೆರಗು ಮುಂದೆ ಎಳೆದುಕೊಂಡ ಒಬ್ಬಳು ಅಂಗಡಿಗೆ ಬಂದಳು. ಹಣೆಯ ಮೇಲೆ ಅಂಗೈಯ ಕುಳಿಯಷ್ಟು ಅಗಲದ ಟಿಕಳಿ. ಅಂಚಿನಿಂದ ಬಿಳುಪು ಇಣುಕುತ್ತಿತ್ತು. "ಇದಕ್ಕಿಂತ ದೊಡ್ಡದು ಐತೇನ್ರಿ?" ಎಂದು ಕೇಳಿದಳು. ಅವಳ ಗಂಡ ಆಚೆ ಕಾಯಿ ಮಾರುವವನ ಹತ್ತಿರ ಬೆಲೆಗೆ ಜಗ್ಗಾಡುತ್ತಿದ್ದ.

ಶೆಟ್ಟೆವ್ವ ಅವಳನ್ನು ಗೋಣಿಪಟ್ಟಿಯ ಹಿಂದಕ್ಕೆ ಕರೆದಳು. ತನ್ನ ಹಣೆ, ಕೈ ತೋರಿಸಿ ಎಲ್ಲ ಹೇಳಿದಳು. ಅವಳು ಕೇಳಿದಳು, ತಲೆ ಆಡಿಸಿದಳು, ಆದರೆ ಶೆಟ್ಟೆವ್ವನ ಬೆರಳು ಟಿಕಳಿಯ ಅಂಚಿಗೆ ತಾಗಿದ ಕೂಡಲೇ ಎರಡೂ ಕೈಯಿಂದ ಹಿಡಿದುಕೊಂಡಳು.

"ತಗದಾಗ ಅವರಿಗೆ ಏನರ ಆದ್ರ?"

"ಅವರ ದನಿ ಕೇಳಕೊಂತ ಇರು," ಎಂದಳು ಶೆಟ್ಟೆವ್ವ. "ನಾ ಸಾವಕಾಶ ತಗೀತೇನಿ."

ಅವಳು ಕಣ್ಣು ಮುಚ್ಚಿ ಗೋಣಿಪಟ್ಟಿಗೆ ಕಿವಿ ಹಚ್ಚಿದಳು. ಹೊರಗೆ ಗಂಡಸು ಕಾಯಿ ಅಲುಗಿಸಿ, ನೀರಿಲ್ಲ, ಒಣಗೈತಿ ಎಂದು ಬೈಯುತ್ತಿದ್ದ. ಶೆಟ್ಟೆವ್ವ ಉಗುರು ಹಚ್ಚಿ ಎಳೆದಳು. ಅಂಟು ತೊಗಲನ್ನು ಬಿಡದೆ ಜಗ್ಗಿತು, ಆಮೇಲೆ ಬಿಟ್ಟುಕೊಂಡಿತು. ಆ ಹೊತ್ತಿಗೆ ಹೊರಗಿನ ದನಿ ಒಮ್ಮೆಲೇ ನಿಂತಿತು.

ಹೆಂಗಸಿನ ಮುಖದಿಂದ ರಕ್ತ ಇಳಿದುಹೋಯಿತು. ಶೆಟ್ಟೆವ್ವನೂ ಉಸಿರು ಹಿಡಿದಳು.

ಗಂಡಸು ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಬ್ಯಾರೆದು ಕೊಡೋ ಮಾರಾಯಾ," ಎಂದ.

"ಅವರು ಅದಾರ," ಎಂದಳು ಹೆಂಗಸು. ಕಣ್ಣು ತೆರೆಯದೆ, ಇನ್ನೂ ಕಿವಿ ಹಚ್ಚಿಕೊಂಡೇ, "ಅದಾರ್ರಿ," ಎಂದಳು.